ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮಾಕುಟ್ಟದಲ್ಲಿ ಜೂನ್ ಬಂತೆಂದರೆ ಮಳೆಗೆ ಹೊತ್ತುಗೊತ್ತು ಇರುವುದಿಲ್ಲ. ಬೆಳಗ್ಗೆ ಹೆಂಚಿನ ಮೇಲೆ ಶುರುವಾದ ಸದ್ದು ರಾತ್ರಿ ಮಲಗುವಾಗಲೂ ಹಾಗೇ ಇರುತ್ತದೆ. ನಡುವೆ ಎಲ್ಲೋ ಒಮ್ಮೆ ನಿಂತರೆ ಏನಾಯಿತೋ ಎಂದು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. 1986ರಲ್ಲಿ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದ ಅಪ್ಪನಿಗೆ ಅಲ್ಲಿಗೆ ವರ್ಗವಾದಾಗ ನನಗೆ ಒಂಬತ್ತು ವರ್ಷ, ತಮ್ಮನಿಗೆ ಐದು. ಹುಣಸೂರು ಕಡೆಯ ಬಯಲಿನಲ್ಲಿ ಬೆಳೆದ ನಮಗೆ ಮಳೆ ಎಂದರೆ ಬಂದು ಹೋಗುವ ನೆಂಟ. ಇಲ್ಲಿ ಅದು ಮನೆಯ ಯಜಮಾನನ ಹಾಗೆ ಕೂತುಬಿಡುತ್ತಿತ್ತು.

ವಿರಾಜಪೇಟೆಯಿಂದ ಹೊರಟ ಬಸ್ಸು ಪೆರುಂಬಾಡಿ ದಾಟಿದ ಮೇಲೆ ಕಾಡೊಳಗೆ ತಿರುವು ತಿರುವಾಗಿ ಇಳಿಯುತ್ತದೆ. ಇಳಿಜಾರು ಮುಗಿಯುವ ಹೊತ್ತಿಗೆ ಮಾಕುಟ್ಟ. ಇನ್ನೂ ಸ್ವಲ್ಪ ಮುಂದೆ ಹೋಗಿ ಕೂಟುಪುಳ ಸೇತುವೆ ದಾಟಿದರೆ ಕೇರಳ, ಆಮೇಲೆ ಇರಿಟ್ಟಿ. ಸುತ್ತ ಬ್ರಹ್ಮಗಿರಿ ವನ್ಯಧಾಮದ ಕಾಡು. ಶಾಲೆಗೆ ಹೋಗಿ ಬರುವಷ್ಟರಲ್ಲಿ ಕಾಲಿಗೆ ನಾಲ್ಕು ಜಿಗಣೆ. ಸಂಜೆ ಆರಕ್ಕೆ ಕರೆಂಟು ಹೋದರೆ ಬರುವುದು ಯಾವಾಗಲೋ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಓದಿದರೆ ಕಣ್ಣು ಹಾಳಾಗುತ್ತದೆ ಎಂದು ಅಮ್ಮ ಪುಸ್ತಕ ಮುಚ್ಚಿಸುತ್ತಿದ್ದಳು. ಅದೇ ಬೆಳಕಿನಲ್ಲಿ ಚೌಕಾಬಾರ ಆಡಿದರೆ ಕಣ್ಣಿಗೆ ಏನೂ ಆಗುತ್ತಿರಲಿಲ್ಲ.

ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುವಿನ ಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೆರೆ ಎಳೆದರೆ ಕಟ್ಟೆ. ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ತಲೆಗೆ ನಾಲ್ಕು ಕಾಯಿ: ಅಪ್ಪನದು ಕಾಫಿ ಬೀಜ, ಅಮ್ಮನದು ಬಳೆಚೂರು, ನನ್ನದು ಹುಣಸೆ ಬೀಜ, ತಮ್ಮನದು ಪೆಪ್ಪರ್ಮೆಂಟಿನ ಬಣ್ಣದ ಕಾಗದ ಮಡಚಿ ಮಾಡಿದ ಉಂಡೆ. ನಾಲ್ಕು ಕವಡೆ. ಎಷ್ಟು ಬಾಯಿ ಮೇಲಾಗಿ ಬಿದ್ದರೆ ಅಷ್ಟು ಮನೆ ನಡೆಸಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಎರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಸಲ ಹಾಕಬಹುದು. ಹೊರಸುತ್ತು ಮುಗಿಸಿ, ಒಳಸುತ್ತಿಗೆ ತಿರುಗಿ, ಮಧ್ಯದ ಮನೆ ಸೇರಿದರೆ ಕಾಯಿ ಹಣ್ಣಾಯಿತು. ಇಷ್ಟೇ ಆಟ. ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಚೌಕಾಬಾರಕ್ಕೆ ಪುಸ್ತಕವಿಲ್ಲ. ಊರಿಗೊಂದು, ಕೆಲವೆಡೆ ಬೀದಿಗೊಂದು ನಿಯಮ. ಅಪ್ಪನ ಊರಿನಲ್ಲಿ ಚೌಕವೋ ಬಾರವೋ ಬೀಳದೆ ಕಾಯಿ ಮನೆ ಬಿಟ್ಟು ಹೊರಡುವಂತಿರಲಿಲ್ಲ. ಅಮ್ಮನ ಊರಿನಲ್ಲಿ ಯಾವ ಲೆಕ್ಕ ಬಿದ್ದರೂ ಹೊರಡಬಹುದಿತ್ತು, ಆದರೆ ಬೇರೆಯವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಕಾಲಿಡುವಂತಿರಲಿಲ್ಲ. ಎರಡೂ ಒಳ್ಳೆಯ ನಿಯಮಗಳೇ. ಅವರವರ ಊರಿನಲ್ಲಿ ನೂರಾರು ಮಂದಿ ಆಡಿ ಪಳಗಿಸಿದವು. ಮದುವೆಯಾದ ಮೇಲೆ ಇಬ್ಬರಲ್ಲಿ ಯಾರೂ ತಮ್ಮದನ್ನು ಬಿಡಲಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಹೊರಡುವುದಕ್ಕೆ ಅಪ್ಪನ ನಿಯಮ, ಒಳಹೋಗುವುದಕ್ಕೆ ಅಮ್ಮನ ನಿಯಮ.

ಈಗ ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಹೊಟ್ಟೆಪಾಡು. ಹಾಗಾಗಿ ಎಷ್ಟೋ ವರ್ಷದ ಮೇಲೆ ಒಂದು ದಿನ ಕೂತು ನಮ್ಮ ಮನೆಯ ನಿಯಮದ ಲೆಕ್ಕ ಹಾಕಿದೆ. ಕವಡೆ ಎರಡೂ ಕಡೆಗೆ ಸಮವಾಗಿ ಬೀಳುತ್ತದೆ ಎಂದೇ ಇಟ್ಟುಕೊಂಡರೆ ಚೌಕ ಬೀಳುವುದು 16ರಲ್ಲಿ ಒಂದು ಸಲ, ಬಾರ ಬೀಳುವುದು 16ರಲ್ಲಿ ಒಂದು ಸಲ. ಎರಡೂ ಸೇರಿ 8ರಲ್ಲಿ ಒಂದು. ಅಂದರೆ ಎಂಟು ಸರದಿ ಕಳೆದ ಮೇಲೂ ಮೂವರಲ್ಲಿ ಒಬ್ಬರು ಒಂದೂ ಕಾಯಿ ಹೊರಡಿಸದೆ ಸುಮ್ಮನೆ ಕೂತಿರುತ್ತಾರೆ. ಹೊರಟ ಕಾಯಿಗಳೇ ಕಡಿಮೆಯಾದ್ದರಿಂದ ಕಡಿಯಲು ಕಾಯಿ ಸಿಗುವುದಿಲ್ಲ. ಕಡಿಯದೆ ಒಳಗೆ ಹೋಗುವಂತಿಲ್ಲ. ಹೊರಟ ಒಂದೋ ಎರಡೋ ಕಾಯಿ ಜಾತ್ರೆಯಲ್ಲಿ ಕಳೆದುಹೋದ ಮಕ್ಕಳ ಹಾಗೆ ಹೊರಸುತ್ತಿನಲ್ಲೇ ಸುತ್ತುತ್ತಿದ್ದವು. ಬೇರೆ ಬೇರೆಯಾಗಿ ಚೆನ್ನಾಗಿದ್ದ ಎರಡು ನಿಯಮಗಳು ಒಟ್ಟಿಗೆ ಸೇರಿ ಆಟದ ಕತ್ತು ಹಿಸುಕಿದ್ದವು. ನಮಗೆ ಅದು ಗೊತ್ತಿರಲಿಲ್ಲ. ಆಟ ಎಂದರೆ ಹೀಗೇ, ಮಲಗುವ ಹೊತ್ತಾದರೂ ಮುಗಿಯುವುದಿಲ್ಲ ಎಂದುಕೊಂಡಿದ್ದೆವು.

ದೊಡ್ಡವರಿಗೆ ತಾಳ್ಮೆಯಿತ್ತು. ಐದು ವರ್ಷದ ತಮ್ಮನಿಗೆ ಎಲ್ಲಿಂದ ಬರಬೇಕು? ಎಂಟು ಹತ್ತು ಸರದಿ ಕಾದು, ಕೊನೆಗೊಮ್ಮೆ ಬಾರ ಬಿದ್ದು, ಕುಣಿದಾಡಿಕೊಂಡು ಕಾಯಿ ಹೊರಡಿಸಿದರೆ ನಾನು ಮುಂದಿನ ಸರದಿಯಲ್ಲೇ ಅದನ್ನು ಕಡಿದು ವಾಪಸು ಕಳಿಸುತ್ತಿದ್ದೆ. ಅವನ ಅಳು ಮಳೆಯ ಸದ್ದನ್ನೂ ಮೀರಿ ಪಕ್ಕದ ಮನೆಗೆ ಕೇಳುತ್ತಿತ್ತು. ಒಂದು ರಾತ್ರಿ ಅಮ್ಮ ಸಾಕಾಗಿ ಹೇಳಿದಳು: "ಇನ್ಮೇಲೆ ಅವನ ಕಾಯಿ ಯಾರೂ ಕಡೀಬೇಡಿ. ಮಗು ಅದು."

ಅಲ್ಲಿಂದ ತಮ್ಮನೇ ಗೆಲ್ಲತೊಡಗಿದ. ಗೆಲ್ಲದೆ ಏನು ಮಾಡುತ್ತಾನೆ? ಅವನಿಗೆ ಕಡಿಯಲು ಹನ್ನೆರಡು ಕಾಯಿಗಳಿದ್ದವು, ನಮಗೆ ತಲಾ ಎಂಟು. ಅವನ ಕಾಯಿಗಳಿಗೆ ಇಡೀ ಮಣೆಯೇ ಕಟ್ಟೆ. ನಾನು ರೊಳ್ಳೆ ತೆಗೆದೆ. ಅಪ್ಪ ಸ್ವಲ್ಪ ಯೋಚಿಸಿ, ನ್ಯಾಯ ತೀರ್ಮಾನ ಮಾಡುವವರ ಗತ್ತಿನಲ್ಲಿ ಇನ್ನೊಂದು ನಿಯಮ ಸೇರಿಸಿದರು: "ಸರಿ. ಅವನು ಗೆದ್ರೆ ಗೆದ್ದಂಗಲ್ಲ. ಅವನಾದ ಮೇಲೆ ಯಾರು ಬರ್ತಾರೋ ಅವ್ರು ಫಸ್ಟು."

ಆಟಕ್ಕುಂಟು, ಲೆಕ್ಕಕ್ಕಿಲ್ಲ. ಕನ್ನಡದ ಮಕ್ಕಳಿಗೆಲ್ಲ ಗೊತ್ತಿರುವ ಮಾತು. ಕಣ್ಣಾಮುಚ್ಚಾಲೆಯಲ್ಲಿ, ಮುಟ್ಟಾಟದಲ್ಲಿ ತೀರಾ ಚಿಕ್ಕವರನ್ನು ಹೀಗೇ ಸೇರಿಸಿಕೊಳ್ಳುವುದು. ಒಂದು ಸಂಜೆಗೆ, ಒಂದು ವರ್ಷಕ್ಕೆ ಅದು ಒಳ್ಳೆಯ ಉಪಾಯವೇ. ನಮ್ಮ ಮನೆಯಲ್ಲಿ ಅದನ್ನು ತೆಗೆಯಬೇಕು ಎಂದು ಯಾರಿಗೂ ನೆನಪಾಗಲಿಲ್ಲ. ಮೂರು ವರ್ಷ ನಡೆಯಿತು. ತಮ್ಮನಿಗೆ ಎಂಟು ತುಂಬಿತ್ತು. ಕೂಡುವುದು ಕಳೆಯುವುದು ಚೆನ್ನಾಗಿ ಬರುತ್ತಿತ್ತು, ಕವಡೆ ಎಸೆಯುವ ಕೈಯೂ ಪಳಗಿತ್ತು. ಒಂದು ದಿನ ನಾಲ್ಕನೇ ಕಾಯಿಯನ್ನು ಹಣ್ಣು ಮಾಡಿ, "ಇವತ್ತು ನಾನೇ ಗೆದ್ದಿದ್ದು. ನೀವು ಕಡಿಯೋ ಜಾಗದಲ್ಲಿ ನಾನು ಒಂದ್ಸಲಾನೂ ನಿಲ್ಲಿಸ್ಲಿಲ್ಲ, ಬೇಕಾದ್ರೆ ಕೇಳು," ಎಂದ. ಅಷ್ಟು ದಿನ ಅವನು ಕಟ್ಟೆಯಿಂದ ಕಟ್ಟೆಗೆ ಲೆಕ್ಕ ಹಾಕಿ ನಡೆಸುವುದನ್ನು ತಾನೇ ಕಲಿತಿದ್ದ. ನಾವು ಯಾರೂ ಗಮನಿಸಿರಲಿಲ್ಲ. ನಾನು ಹುಣಸೆ ಬೀಜ ಎತ್ತಿಟ್ಟುಕೊಳ್ಳುತ್ತಾ, "ನಿಂದು ಲೆಕ್ಕಕ್ಕಿಲ್ಲ ಕಣೋ," ಎಂದೆ.

ಅವನು ಅಳಲಿಲ್ಲ. ಎರಡು ಕವಡೆ ತೆಗೆದುಕೊಂಡು ಬಾಗಿಲಿಗೆ ಹೋಗಿ ಅಂಗಳದ ಕೆಂಪು ನೀರಿಗೆ ಎಸೆದುಬಿಟ್ಟ. ಅಪ್ಪ ಎರಡೇಟು ಬಿಟ್ಟರು. ಆ ಮೇಲೆ ನಾವು ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮುಖ ಬಿಳಿ ಮಾಡಿ ಆಡುತ್ತಿದ್ದೆವು, ಮೂರೇ ಜನ. ನಾಲ್ಕನೆಯ ಬದಿ ಖಾಲಿ.

ಅದೇ ಕಾಲದಲ್ಲಿ ಮಾಕುಟ್ಟದಲ್ಲಿ ಇನ್ನೊಂದು ಆಟ ನಡೆಯುತ್ತಿತ್ತು. ಮರ ಬಿದ್ದೋ ಮಣ್ಣು ಕುಸಿದೋ ಘಾಟಿ ಮುಚ್ಚಿದರೆ ಲಾರಿಗಳು ಸಾಲಾಗಿ ನಿಲ್ಲುತ್ತಿದ್ದವು. ಡ್ರೈವರುಗಳು ಟಾರ್ಪಾಲಿನ ಕೆಳಗೆ ಕೂತು ಇಸ್ಪೀಟು ಹಾಕುತ್ತಿದ್ದರು, ಹೆಚ್ಚಾಗಿ ಇಪ್ಪತ್ತೆಂಟು. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಬಣ್ಣ ಸೇರಿ 28. ಕಣ್ಣೂರಿನವರು, ವಿರಾಜಪೇಟೆಯವರು, ಮೈಸೂರಿನವರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧ ಅರ್ಧ. ಆಟ ಒಂದೇ, ನಿಯಮ ಮಾತ್ರ ಬೇರೆ ಬೇರೆ. ಮುಚ್ಚಿಟ್ಟ ತುರುಪನ್ನು ಯಾವಾಗ ತೆರೆಸಬಹುದು, ತೆರೆಸಿದವನು ಅದನ್ನೇ ಹಾಕಲೇಬೇಕೇ, ಎಲೆ ತೀರಾ ಕೆಟ್ಟದಾಗಿ ಬಂದರೆ ಮತ್ತೆ ಹಂಚಬೇಕೇ. ಅಪ್ಪನ ಜೊತೆ ಹೋದಾಗ ನಾನು ನೋಡಿದ್ದೇನೆ, ಎಲೆ ಹಂಚುವ ಮೊದಲು ಅವರು ಹತ್ತು ನಿಮಿಷ ಬರೀ ಮಾತಾಡುತ್ತಿದ್ದರು. "ನಿಮ್ಮಲ್ಲಿ ಹೆಂಗೆ?" "ಞಙಳುಡೆ ನಾಟಿಲ್ ಅಂಙನೆ ಇಲ್ಲ." "ಸರಿ, ಇವತ್ತು ಹಿಂಗೆ." ಎಲೆ ಹಂಚಿದ ಮೇಲೆ ಯಾರಾದರೂ ನಿಯಮದ ಮಾತೆತ್ತಿದರೆ ನಾಲ್ವರೂ ಸೇರಿ ಬೈಯುತ್ತಿದ್ದರು. ಜಗಳವಾದದ್ದು ನನಗೆ ನೆನಪಿಲ್ಲ. ಗೊತ್ತುಗುರಿಯಿಲ್ಲದ ನಾಲ್ಕು ಜನ ಟಾರ್ಪಾಲಿನ ಕೆಳಗೆ ಮಾಡುತ್ತಿದ್ದುದನ್ನು ಒಂದೇ ರಕ್ತದ ನಾಲ್ಕು ಜನ ಹೆಂಚಿನ ಕೆಳಗೆ ಮಾಡಲಿಲ್ಲ.

1991ರಲ್ಲಿ ಅಪ್ಪನಿಗೆ ಮತ್ತೆ ಹುಣಸೂರು ಕಡೆಗೆ ವರ್ಗವಾಯಿತು. ನಾನು ಓದಿದೆ, ಬೆಂಗಳೂರು ಸೇರಿದೆ, ಮದುವೆಯಾದೆ. ತಮ್ಮ ಹತ್ತನೇ ತರಗತಿಗೆ ನಿಲ್ಲಿಸಿ ಲಾರಿ ಹತ್ತಿದ. ಮನೆಯಲ್ಲಿ ಯಾವುದಾದರೂ ಮಾತು ಬಂದರೆ, ಸಾಲದ್ದೋ ಜಮೀನಿನದ್ದೋ, ಅಪ್ಪ ಅಮ್ಮ ನನಗೆ ಫೋನ್ ಮಾಡುತ್ತಿದ್ದರು. ತಮ್ಮನಿಗೆ ತೀರ್ಮಾನವಾದ ಮೇಲೆ ಗೊತ್ತಾಗುತ್ತಿತ್ತು. "ಅವನಿಗ್ಯಾಕೆ ತಲೆನೋವು, ಚಿಕ್ಕವನು" ಎನ್ನುತ್ತಿದ್ದಳು ಅಮ್ಮ. ಚಿಕ್ಕವನಿಗೆ ಆಗ ಮದುವೆಯ ವಯಸ್ಸು.

2009ರಲ್ಲಿ ಅಪ್ಪನ ಪಿತ್ತಕೋಶ, ಯಕೃತ್ತು ಎಲ್ಲ ಕೆಟ್ಟು ಮೈಸೂರಿನಲ್ಲಿ ಆಸ್ಪತ್ರೆ ಸೇರಿಸಿದೆವು. ಡಾಕ್ಟರು ನನ್ನನ್ನು ಹೊರಗೆ ಕರೆದು, ಹತ್ತು ಹದಿನೈದು ದಿನ ಎಂದರು. ತಮ್ಮ ಆಗ ಮಂಗಳೂರಿನಿಂದ ಮುಂಬೈಗೆ ಲಾರಿ ಓಡಿಸುತ್ತಿದ್ದ. "ಅವನಿಗೆ ಹೇಳ್ಬೇಡ ಕಣವ್ವ. ಗಾಡಿ ಓಡ್ಸೋ ಹುಡುಗ, ತಲೆ ಕೆಡಿಸ್ಕೊಂಡು ಎಲ್ಲಾದ್ರೂ ಗುದ್ದಿಬಿಟ್ರೆ?" ಅಂದಳು ಅಮ್ಮ. ನನಗೂ ಸರಿ ಎನ್ನಿಸಿತು. ಅವನು ದಿನಾ ರಾತ್ರಿ ಫೋನ್ ಮಾಡುತ್ತಿದ್ದ. ನಾನು "ಪರವಾಗಿಲ್ಲ, ಗುಣ ಆಗ್ತಿದ್ದಾರೆ" ಎನ್ನುತ್ತಿದ್ದೆ. ಒಂಬತ್ತು ದಿನ ಹೇಳಿದೆ. ಹತ್ತನೇ ದಿನ ಬೆಳಗಿನ ಜಾವ ಅಪ್ಪ ಹೋದರು. ತಮ್ಮ ಬಂದದ್ದು ಮಾರನೆಯ ದಿನ, ಬೆಂಕಿಗೆ ಕೊಡುವ ಹೊತ್ತಿಗೆ. ಏನೂ ಕೇಳಲಿಲ್ಲ. ಮಾಡಬೇಕಾದ್ದನ್ನೆಲ್ಲ ಮಾಡಿ, ತಿಥಿ ಮುಗಿಸಿ, ಲಾರಿ ಹತ್ತಿ ಹೋದ. ಆಮೇಲೆ ವರ್ಷಗಟ್ಟಲೆ ಅವನ ಮಾತು ನನ್ನ ಜೊತೆ "ಹೂಂ", "ಸರಿ ಅಕ್ಕ" ಇಷ್ಟೇ.

ಬೆನ್ನು ನೋವೆಂದು ಲಾರಿ ಬಿಟ್ಟ ಮೇಲೆ ಅವನು ಮಾಕುಟ್ಟಕ್ಕೇ ಹೋಗಿ ರಸ್ತೆ ಬದಿಯಲ್ಲಿ ಟೀ ಅಂಗಡಿ ಹಾಕಿದ. ಅಷ್ಟು ಊರು ಸುತ್ತಿದವನು ಅಲ್ಲಿಗೇ ಯಾಕೆ ಹೋದನೋ, ಕೇಳುವಷ್ಟು ಸಲಿಗೆ ನನಗೆ ಉಳಿದಿರಲಿಲ್ಲ. ಅಮ್ಮ ಅವನ ಜೊತೆಗೇ ಇದ್ದಳು. 2018ರ ಜೂನ್‌ನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ವಾರಗಟ್ಟಲೆ ಅಂಗಡಿಯೂ ಮುಚ್ಚಿತು. 2020ರ ಮಾರ್ಚ್‌ನಲ್ಲಿ ಗಡಿಗೆ ಮಣ್ಣು ಸುರಿದರು. 2021ರ ಆಗಸ್ಟ್‌ನಲ್ಲಿ ಎರಡು ಡೋಸ್ ಲಸಿಕೆ ಆದವರೂ ಕೇರಳದಿಂದ ಬರಬೇಕಾದರೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ತೋರಿಸಬೇಕಿತ್ತು. ವಾಹನಗಳೇ ಇರಲಿಲ್ಲ. ಆ ಆಗಸ್ಟಿನಲ್ಲಿ ನಾನು ಐದು ದಿನ ರಜೆ ಹಾಕಿ, ಹದಿನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಮಾಕುಟ್ಟಕ್ಕೆ ಹೋದೆ. ಅಮ್ಮನ ಕಾಲು ನೋವು ನೆಪ.

ಮಗಳ ಬ್ಯಾಗಿನಲ್ಲಿ ಏಳು ಬಣ್ಣದ ದಾಳಗಳಿದ್ದವು. ಲಾಕ್‌ಡೌನಿನಲ್ಲಿ ಗೆಳತಿಯರ ಜೊತೆ ಕಂಪ್ಯೂಟರಿನಲ್ಲಿ ಕಲಿತ ಆಟ, ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಮೂರು ಸಣ್ಣ ಪುಸ್ತಕಗಳಾಗಿ ಹೊರತಂದದ್ದು. ಬ್ರಹ್ಮಗಿರಿಯನ್ನು ವನ್ಯಧಾಮ ಎಂದು ಘೋಷಿಸಿದ್ದೂ ಅದೇ ವರ್ಷ. ಇದರಲ್ಲಿ ಮಣೆ ಇರಲೇಬೇಕೆಂದಿಲ್ಲ. ಒಬ್ಬರು ಡಂಜನ್ ಮಾಸ್ಟರ್ ಆಗಿ ಕತೆ ಹೇಳುತ್ತಾ ಹೋಗುತ್ತಾರೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರ. "ಸೇತುವೆ ಮೇಲೆ ರಾಕ್ಷಸ ನಿಂತಿದ್ದಾನೆ, ಏನ್ ಮಾಡ್ತೀಯ?" "ಕತ್ತಿ ಬೀಸ್ತೀನಿ." ಬೀಸಿದ್ದು ತಗಲಿತೋ ಇಲ್ಲವೋ ಎಂಬುದಕ್ಕೆ ಇಪ್ಪತ್ತು ಮುಖದ ದಾಳ. ತಮ್ಮನ ಮಗನಿಗೆ ಹನ್ನೊಂದು ವರ್ಷ. ಶಾಲೆಯಿಲ್ಲ, ಮೊಬೈಲಿಗೆ ಸಿಗ್ನಲ್ಲಿಲ್ಲ. ಒಂದೇ ಗಂಟೆಯಲ್ಲಿ ಅವನು ಯೋಧನಾದ. ನನ್ನನ್ನು ಮಾಂತ್ರಿಕಳನ್ನಾಗಿ ಕೂರಿಸಿದರು.

ಆಟದ ಪುಸ್ತಕ ದಪ್ಪಗಿದೆ, ಆದರೂ ಆಡುವವರು ಅದಕ್ಕೆ ತಮ್ಮದೊಂದಿಷ್ಟು ಸೇರಿಸಿಕೊಳ್ಳುತ್ತಾರೆ. ಮನೆ ನಿಯಮ ಎಂದೇ ಅದಕ್ಕೆ ಹೆಸರು. ಮಗಳ ಗೆಳತಿಯರ ಗುಂಪಿನಲ್ಲಿ ಒಂದಿತ್ತು: ದಾಳದಲ್ಲಿ 1 ಬಿದ್ದರೆ ಏಟು ತಪ್ಪುವುದಷ್ಟೇ ಸಾಲದು, ಏನಾದರೂ ಅವಘಡವೂ ಆಗಬೇಕು. ಕತ್ತಿ ಕೈಜಾರಬೇಕು, ಇಲ್ಲವೇ ತನ್ನ ಕಡೆಯವನಿಗೇ ತಗಲಬೇಕು. ಕೇಳಲು ತಮಾಷೆಯಾಗಿದೆ. ಮೊದಲ ಸಲ ಎಲ್ಲರೂ ನಕ್ಕೆವು. ಆ ಸಂಜೆ ಹುಡುಗನ ಕತ್ತಿ ಮೂರು ಸಲ ಕೈಜಾರಿತು. ಒಮ್ಮೆ ನನಗೇ ತಗಲಿತು. ನನಗೆ ಮಾತ್ರ ಒಂದು ಸಲವೂ ಏನೂ ಆಗಲಿಲ್ಲ.

ರಾತ್ರಿ ನನ್ನ ಕಸುಬಿನ ಕೆಟ್ಟ ಚಟ ಬಿಡಲಿಲ್ಲ, ಲೆಕ್ಕ ಹಾಕಿದೆ. ಇಪ್ಪತ್ತು ಮುಖದಲ್ಲಿ 1 ಬೀಳುವುದು ನೂರಕ್ಕೆ 5 ಸಲ. ಹೊಸ ಯೋಧ ಒಂದು ಸುತ್ತಿನಲ್ಲಿ ಒಂದು ಏಟು ಹಾಕುತ್ತಾನೆ. ಐದನೇ ಹಂತಕ್ಕೆ ಬಂದರೆ ಎರಡು ಏಟು. ಆಗ ಅವಘಡ ಸುತ್ತಿಗೆ ನೂರಕ್ಕೆ ಸುಮಾರು 10. ಇಪ್ಪತ್ತನೇ ಹಂತದ ಮಹಾಯೋಧನಿಗೆ ನಾಲ್ಕು ಏಟು, ಅವಘಡ ನೂರಕ್ಕೆ 18ಕ್ಕೂ ಹೆಚ್ಚು. ಅಂದರೆ ಕತ್ತಿ ಹಿಡಿಯಲು ಈಗಷ್ಟೇ ಕಲಿತವನು ಇಪ್ಪತ್ತು ಸುತ್ತಿಗೊಮ್ಮೆ ಎಡವಿದರೆ, ಲೋಕಪ್ರಸಿದ್ಧ ವೀರ ಐದಾರು ಸುತ್ತಿಗೊಮ್ಮೆ ಎಡವುತ್ತಾನೆ. ಕಲಿತಷ್ಟೂ ಕೈ ಜಾರುವ ವಿದ್ಯೆ! ಇತ್ತ ನನ್ನ ಮಾಂತ್ರಿಕಳು ಬೆಂಕಿಯುಂಡೆ ಎಸೆದರೆ ನಾನು ಇಪ್ಪತ್ತರ ದಾಳ ಹಾಕುವುದೇ ಇಲ್ಲ, ತಪ್ಪಿಸಿಕೊಳ್ಳಬೇಕಾದ ಶತ್ರು ಹಾಕುತ್ತಾನೆ. ನನಗೆ 1 ಬೀಳುವ ಮಾತೇ ಇಲ್ಲ. ನಿಯಮ ಎಲ್ಲರಿಗೂ ಒಂದೇ ಎಂದು ಕಾಣುತ್ತಿತ್ತು. ದಂಡ ಕಟ್ಟುತ್ತಿದ್ದವನು ಮಾತ್ರ ಒಬ್ಬನೇ.

ಇದೇನೂ ಹೊಸದಲ್ಲ. ಮಗಳು ಚಿಕ್ಕವಳಿದ್ದಾಗ ನಾವು ಮೊನೊಪಲಿ ಆಡುತ್ತಿದ್ದೆವು. ದಂಡದ ದುಡ್ಡನ್ನೆಲ್ಲ ಮಣೆಯ ಮಧ್ಯೆ ಗುಡ್ಡೆ ಹಾಕಿ, ಫ್ರೀ ಪಾರ್ಕಿಂಗ್ ಮನೆಗೆ ಬಂದವರಿಗೆ ಕೊಡುತ್ತಿದ್ದೆವು. ಪುಸ್ತಕದಲ್ಲಿ ಹಾಗಿಲ್ಲ, ದಂಡ ಬ್ಯಾಂಕಿಗೆ ಹೋಗಬೇಕು. ಯಾರಾದರೂ ಒಂದು ಜಾಗ ಕೊಳ್ಳದೆ ಬಿಟ್ಟರೆ ಅದನ್ನು ಕೂಡಲೇ ಹರಾಜು ಹಾಕಬೇಕು ಎಂದೂ ಪುಸ್ತಕದಲ್ಲಿದೆ, ನಾನಂತೂ ಯಾರೂ ಹಾಕಿದ್ದನ್ನು ನೋಡಿಲ್ಲ. ದಿವಾಳಿಯಾಗಬೇಕಾದವರ ಕೈಗೆ ದುಡ್ಡು ಸುರಿದು, ಜಾಗಗಳನ್ನು ಮಾರದೆ ಬಿಟ್ಟು, ಕೊನೆಗೆ "ಈ ಆಟ ಮುಗಿಯೋದೇ ಇಲ್ಲಪ್ಪ" ಎಂದು ಮಣೆ ಮಡಚಿಡುತ್ತೇವೆ. ಕರುಣೆಗೆಂದು ಸೇರಿಸಿದ ನಿಯಮ ಎಲ್ಲರನ್ನೂ ನಡುರಾತ್ರಿಯವರೆಗೆ ಸೋಲಲೂ ಬಿಡದೆ ಗೆಲ್ಲಲೂ ಬಿಡದೆ ಕೂರಿಸಿರುತ್ತದೆ.

ಮಾರನೆಯ ದಿನ ಲೆಕ್ಕವನ್ನು ಮಗಳಿಗೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವಳೇ ತನ್ನದೊಂದು ಪರಿಹಾರ ಕಂಡುಕೊಂಡಿದ್ದಳು. ಹುಡುಗನ ಯೋಧನಿಗೆ ಮತ್ತೆ ಮತ್ತೆ ಏಟು ಬೀಳುವುದನ್ನು ನೋಡಿ ಅವಳಿಗೆ ಪಾಪ ಎನ್ನಿಸಿತ್ತು. ಈ ಆಟದಲ್ಲಿ ಪ್ರಾಣ ಸೊನ್ನೆಗೆ ಇಳಿದರೆ ಕೂಡಲೇ ಸಾವಲ್ಲ. ಸರದಿಗೊಮ್ಮೆ ದಾಳ ಹಾಕಬೇಕು. 10 ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಕೆಳಗೆ ಬಿದ್ದರೆ ಒಂದು ಸೋಲು. ಮೂರು ಗೆಲುವು ಮೊದಲಾದರೆ ಉಳಿದ, ಮೂರು ಸೋಲು ಮೊದಲಾದರೆ ಹೋದ. 20 ಬಿದ್ದರೆ ಎದ್ದೇ ಕೂರುತ್ತಾನೆ. ಬದುಕುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚೇ. ನಡುವೆ ಗೆಳೆಯರು ಓಡಿಬಂದು ಕಾಪಾಡಲೂಬಹುದು. ಯೋಧ ಬಿದ್ದಾಗ ಮಗಳು, "ಈ ದಾಳ ನಿನ್ನ ಪರವಾಗಿ ನಾನೇ ಹಾಕ್ತೀನಿ, ಅದೇ ನಮ್ಮ ರೂಲ್," ಎಂದು ಪುಸ್ತಕವನ್ನು ಅಡ್ಡ ಇಟ್ಟುಕೊಂಡು ಹಾಕಿದಳು. "ಹದಿನಾಲ್ಕು!" ಎಂದಳು.

ಹುಡುಗ ಅವಳ ಪಕ್ಕದಲ್ಲಿದ್ದ ಸ್ಟೀಲಿನ ನೀರಿನ ಚೊಂಬನ್ನು ನೋಡುತ್ತಿದ್ದ. "ಅಕ್ಕ, ಅದು ಮೂರು," ಎಂದ.

ಯಾರೂ ಮಾತಾಡಲಿಲ್ಲ. ಅವನೇ ಮತ್ತೆ ಕೇಳಿದ: "ಹಂಗಾದ್ರೆ ನಿನ್ನೆ ಸೇತುವೆ ಮೇಲೆ ನಾನು ಗೆದ್ನಲ್ಲ, ಅದೂ ಸುಳ್ಳಾ?"

ನಿನ್ನೆಯದು ಸುಳ್ಳಾಗಿರಲಿಲ್ಲ ಎಂದು ಮಗಳು ಆಣೆ ಮಾಡಿದಳು. ಅದು ನಿಜವೂ ಆಗಿತ್ತು, ಆ ದಾಳವನ್ನು ನಾನೇ ನೋಡಿದ್ದೆ. ಆದರೆ ಈಗ ಅವನಿಗೆ ನಂಬಲು ಕಾರಣವಿರಲಿಲ್ಲ. ಒಂದು ಸಲ ಅವನ ಪರವಾಗಿ ಸುಳ್ಳು ಹೇಳಿದ್ದರಿಂದ ಹಿಂದಿನ ಗೆಲುವೆಲ್ಲ ಅವನ ಕೈಯಿಂದ ಹೋಗಿತ್ತು. ನಿನ್ನ ಪರವಾಗಿ ನಾನು ಹಾಕುತ್ತೇನೆ ಎಂಬ ಮಾತಿಗೆ ನಮ್ಮಲ್ಲಿ ಹಳೆಯ ಕತೆಯೇ ಇದೆ. ಹಸ್ತಿನಾವತಿಯ ಸಭೆಯಲ್ಲಿ ಪಣ ಒಡ್ಡಿದವನು ದುರ್ಯೋಧನ, ದಾಳ ಹಾಕಿದವನು ಶಕುನಿ. ಒಬ್ಬರ ಪರವಾಗಿ ಇನ್ನೊಬ್ಬರು ಆಡುವುದು ಸರಿಯಲ್ಲ ಎಂದು ಧರ್ಮರಾಯನಿಗೆ ಅನ್ನಿಸಿತ್ತು, ಆದರೂ ಕೂತ. ಎಲ್ಲ ಮುಗಿದ ಮೇಲೆ, ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು ಎಂದು ದ್ರೌಪದಿ ಕೇಳಿದ್ದು ಆಟದ ನಿಯಮದ ಪ್ರಶ್ನೆಯನ್ನೇ. ಶಕುನಿಯಲ್ಲಿ ಮೋಸವಿತ್ತು, ನನ್ನ ಮಗಳಲ್ಲಿ ಇದ್ದದ್ದು ಪ್ರೀತಿ. ದಾಳ ಕೈತಪ್ಪಿದವನಿಗೆ ಎರಡರಲ್ಲಿ ಏನು ವ್ಯತ್ಯಾಸ ಕಾಣುತ್ತದೆ ಎಂದು ಈಗ ನಾನು ಹೇಳಲಾರೆ.

ತಮ್ಮ ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮಗಳ ಪಕ್ಕ ಬಂದು ಕೂತು, "ಸಾಯ್ಲಿ ಬಿಡವ್ವ. ಸತ್ರೆ ಇನ್ನೊಬ್ಬನ್ನ ಇಟ್ಕೊಂಡು ಆಡ್ತಾನೆ. ದಾಳ ಅವನ ಕೈಗೆ ಕೊಡು," ಎಂದ.

"ಮಾವ, ಅವನು ಚಿಕ್ಕವನು, ಬೇಜಾರು ಮಾಡ್ಕೋತಾನೆ."

"ಮಾಡ್ಕೊಳ್ಳಿ. ಬೇಜಾರಾದ್ರೆ ಆಗ್ಲಿ. ಲೆಕ್ಕಕ್ಕಾದ್ರೂ ಬರ್ತಾನೆ."

ನನ್ನ ಕಡೆ ಅವನು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಹುಡುಗ ದಾಳ ತೆಗೆದುಕೊಂಡ. ಮೂರನ್ನು ಒಂದು ಸೋಲೆಂದು ಬರೆದುಕೊಂಡು ಮತ್ತೆ ಹಾಕಿದ: 12. ಮತ್ತೆ 6. ಮತ್ತೆ 8. ಮೂರು ಸೋಲು. ಅವನ ಯೋಧ ಸತ್ತ. ಹುಡುಗ ಸ್ವಲ್ಪ ಹೊತ್ತು ತುಟಿ ಕಚ್ಚಿಕೊಂಡು ಕೂತಿದ್ದ, ಆಮೇಲೆ, "ಅಕ್ಕ, ಅವನ ಕತ್ತಿ ಇನ್ನೊಬ್ಬನಿಗೆ ಸಿಗಬಹುದಾ?" ಎಂದು ಕೇಳಿದ. ಸಿಗಬಹುದು ಎಂದಳು ಮಗಳು. ಅವಳ ಕಣ್ಣಲ್ಲೇ ನೀರಿತ್ತು.

ಅಂದು ರಾತ್ರಿ ಮಕ್ಕಳು ಮಲಗಿದ ಮೇಲೆ ನಾನು ಅಂಗಡಿಯ ಬೆಂಚಿನ ಮೇಲೆ ಕೂತೆ. ತಮ್ಮ ಲೋಟ ತೊಳೆಯುತ್ತಿದ್ದ. ಇಡೀ ದಿನಕ್ಕೆ ಒಟ್ಟು ಹನ್ನೊಂದು ಟೀ ಹೋಗಿತ್ತಂತೆ. ಹೇಗೆ ಶುರು ಮಾಡಬೇಕೋ ಗೊತ್ತಾಗದೆ ನಾನು ಅವಘಡದ ನಿಯಮದ ಲೆಕ್ಕ ಹೇಳತೊಡಗಿದೆ. ನೂರಕ್ಕೆ ಐದು, ಹತ್ತು, ಹದಿನೆಂಟು. ಅವನು ಪೂರ್ತಿ ಕೇಳಿ, "ಅಂದ್ರೆ ಮೊದಲ್ನೇ ರೂಲ್ ತಪ್ಪಿತ್ತು. ಅದನ್ನ ತೆಗೀದೆ ಅದರ ಮೇಲೆ ಇನ್ನೊಂದು ಹಾಕಿದ್ಲು," ಎಂದ. ಇಷ್ಟು ಚೊಕ್ಕವಾಗಿ ನನ್ನ ಆಫೀಸಿನಲ್ಲಿ ಯಾರೂ ಹೇಳಿದ್ದಿಲ್ಲ. ನಮ್ಮ ಚೌಕಾಬಾರವೂ ಅದೇ. ಹೊರಡಲು ಬಿಡದ ನಿಯಮಕ್ಕೆ ಕಡಿಯಬಾರದೆಂಬ ನಿಯಮದ ತೇಪೆ, ಅದಕ್ಕೆ ಲೆಕ್ಕಕ್ಕಿಲ್ಲ ಎಂಬ ನಿಯಮದ ತೇಪೆ. ಕೆಳಗಿನ ಬಟ್ಟೆ ಹರಿದಿದೆ ಎಂದು ಯಾರೂ ನೋಡಲಿಲ್ಲ. ಚಿಕ್ಕವರನ್ನು ಕಾಯುವ ಏರ್ಪಾಡು ಆಟದೊಳಗೇ ಇತ್ತು, ಐದು ಕಟ್ಟೆ ಮನೆಗಳು. ಕಟ್ಟೆಯಿಂದ ಕಟ್ಟೆಗೆ ಹೇಗೆ ಹೋಗಬೇಕೆಂದು ಐದು ವರ್ಷದವನಿಗೆ ಎರಡು ಸಂಜೆ ಹೇಳಿಕೊಟ್ಟಿದ್ದರೆ ಸಾಕಿತ್ತು.

"ಅಪ್ಪಂದು ನಿಂಗೆ ಹೇಳ್ಬೇಕಿತ್ತು," ಎಂದೆ.

ಅವನು ಲೋಟ ಬೋರಲು ಹಾಕಿದ. ಮಳೆ ಸದ್ದು ಜೋರಾಗಿತ್ತು, ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವನು, "ಕೊಲ್ಹಾಪುರದಲ್ಲಿ ಆವತ್ತು ಲೋಡ್ ಇಲ್ದೆ ಎರಡು ದಿನ ನಿಂತಿದ್ದೆ ಅಕ್ಕ. ಸುಮ್ನೆ ಕೂತಿದ್ದೆ. ಬಸ್ಸು ಹತ್ತಿದ್ರೆ ಬರಬಹುದಿತ್ತು," ಎಂದ.

ಅಷ್ಟೇ ಹೇಳಿದ್ದು. ತಪ್ಪಾಯಿತು ಎಂದೆ. ಅವನು ಪರವಾಗಿಲ್ಲ ಎನ್ನಲಿಲ್ಲ. ಆ ಮಾತನ್ನು ಒಂಬತ್ತು ದಿನ ನಾನೇ ಬೇಕಾದಷ್ಟು ಹೇಳಿದ್ದೆನಲ್ಲ.

ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಮಣೆಗಳ ಚಿತ್ರಗಳಿವೆ. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತ ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಮನಸ್ಸಿಟ್ಟರು, ಹೊಸ ಹೊಸ ಆಟಗಳನ್ನು ಕಟ್ಟಿದರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗ ಆಟಗಳಿಗೇ ಮೀಸಲು. ಕೈಯಲ್ಲಿ ರಾಜ್ಯವಿಲ್ಲದ ರಾಜನಿಗೆ, ಲೆಕ್ಕಕ್ಕಿಲ್ಲದೆ ಆಟದಲ್ಲಿರುವುದು ಎಂದರೇನು ಎಂದು ಚೆನ್ನಾಗಿಯೇ ಗೊತ್ತಿದ್ದಿರಬೇಕು. ವಾಪಸು ಬರುವಾಗ ಮೈಸೂರಿನಲ್ಲಿ ಇಳಿದು ಮಗಳಿಗೆ ಅವನ್ನು ತೋರಿಸಬೇಕೆಂದುಕೊಂಡಿದ್ದೆ, ಆಗಲಿಲ್ಲ. ಮಾಕುಟ್ಟದಿಂದ ಹೊರಟದ್ದೇ ತಡವಾಯಿತು.

ತಡವಾದದ್ದಕ್ಕೆ ಕಾರಣ ಚೌಕಾಬಾರ. ಹೊರಡುವ ದಿನ ಬೆಳಗ್ಗೆ ಹುಡುಗ ನೆಲದ ಮೇಲೆ ಮನೆ ಬರೆದುಬಿಟ್ಟಿದ್ದ. ಕವಡೆ ಇರಲಿಲ್ಲ, ಹುಣಸೆ ಬೀಜ ಉಜ್ಜಿ ತಂದ. ಅಮ್ಮ ಕಾಲು ನೀಡಿ ಒಂದು ಬದಿಗೆ ಕೂತಳು. ತಮ್ಮ ಒಂದು ಬದಿಗೆ, ನಾನು ಒಂದು ಬದಿಗೆ, ಮಕ್ಕಳಿಬ್ಬರೂ ಸೇರಿ ಒಂದು ಬದಿಗೆ. ಬೀಜ ಹಾಕುವ ಮೊದಲು ತಮ್ಮ, "ತಡಿ. ಹೆಂಗೆ ಅಂತ ಮೊದ್ಲು ಮಾತಾಡೋಣ," ಎಂದ. ಲಾರಿಯವರ ಬುದ್ಧಿ. ಯಾವ ಲೆಕ್ಕಕ್ಕಾದರೂ ಹೊರಡಬಹುದು ಎಂದಾಯಿತು. ಕಡಿಯದೆ ಒಳಹೋಗುವಂತಿಲ್ಲ ಎಂದು ಅಮ್ಮ ಹಟ ಹಿಡಿದಳು, ಅದು ಉಳಿಯಿತು. "ಮಕ್ಕಳ ಕಾಯಿ..." ಎಂದು ಅಮ್ಮ ಶುರು ಮಾಡಿದಳು. "ಅಮ್ಮ," ಎಂದ ತಮ್ಮ. ಅವಳು ಸುಮ್ಮನಾದಳು.

ನನ್ನ ನಾಲ್ಕನೇ ಸರದಿಯಲ್ಲಿ ಮೂರು ಬಿತ್ತು. ತಮ್ಮನ ಮುಂದಿನ ಕಾಯಿ, ಕಟ್ಟೆಗೆ ಒಂದೇ ಮನೆ ಹಿಂದೆ, ನನಗೆ ಸರಿಯಾಗಿ ಮೂರು ಮನೆ ಮುಂದೆ ನಿಂತಿತ್ತು. ನಾನು ಬೇರೆ ಕಾಯಿ ನಡೆಸಬಹುದಿತ್ತು. ಅವನು ನನ್ನ ಕೈಯನ್ನೇ ನೋಡುತ್ತಿದ್ದ.

ಕಡಿದೆ.

"ಥೂ," ಎಂದು ಅವನು ಕಾಯಿ ತೆಗೆದು ತನ್ನ ಮನೆಯಲ್ಲಿಟ್ಟ. "ಇನ್ನೊಂದು ಸಲ ಹಾಕು ಅಕ್ಕ, ಕಡಿದಿದ್ದಕ್ಕೆ ಇನ್ನೊಂದು ಐತೆ," ಎಂದು ಬೀಜಗಳನ್ನು ಒಟ್ಟುಮಾಡಿ ನನ್ನ ಕೈಗೆ ಕೊಟ್ಟ.